ಪೆನ್‌ಡ್ರೈವ್ ತುಂಬ ಶಾರ್ಟ್‌ಕಟ್? ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ

ಪೆನ್‌ಡ್ರೈವ್ ತೆರೆದ ಕೂಡಲೇ ಫೋಲ್ಡರ್‌ಗಳ ಮೂಲೆಯಲ್ಲೆಲ್ಲ ಪುಟ್ಟ ಬಾಗಿದ ಬಾಣ ಕಂಡರೆ ಅಲ್ಲೇ ಕೈ ನಿಲ್ಲಿಸಿ. ಡಬಲ್ ಕ್ಲಿಕ್ ಬೇಡ. ಅವು ನಿಮ್ಮ ಫೋಲ್ಡರ್‌ಗಳಲ್ಲ, ಅವುಗಳ ಹೆಸರಿಟ್ಟುಕೊಂಡ ಶಾರ್ಟ್‌ಕಟ್‌ಗಳು. ಒಂದೊಂದೂ ಒಂದೆರಡು ಕೆಬಿ ಇರುತ್ತದೆ, ಅಷ್ಟೇ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ತುಂಬಿದ ಜಾಗ ಮೊದಲಿನಷ್ಟೇ ತೋರಿಸುತ್ತಿದೆ ಅಲ್ವಾ? ಹಾಗಿದ್ದರೆ ಫೋಟೊ, ಪಿಡಿಎಫ್, ನುಡಿಯಲ್ಲಿ ಟೈಪ್ ಮಾಡಿಟ್ಟ ಪತ್ರ ಎಲ್ಲವೂ ಅಲ್ಲೇ ಇವೆ. ಕಾಣದ ಹಾಗೆ ಮಾಡಿದ್ದಾರೆ, ಅಷ್ಟೇ.

ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಕಾಲೇಜು ಲ್ಯಾಬ್‌ಗಳಿಂದ ಮನೆಗೆ ಬರುವ ಈ ಕಾಟಕ್ಕೆ ಎಲ್ಲರೂ 'ಶಾರ್ಟ್‌ಕಟ್ ವೈರಸ್' ಎನ್ನುತ್ತಾರೆ. ನಿಜವಾಗಿ ಇದು ವರ್ಮ್. ವೈರಸ್ ಇನ್ನೊಂದು ಫೈಲಿಗೆ ಅಂಟಿಕೊಂಡು ಬದುಕುತ್ತದೆ. ವರ್ಮ್‌ಗೆ ಅದರ ಹಂಗಿಲ್ಲ, ತನ್ನ ನಕಲನ್ನು ತಾನೇ ಮಾಡಿಕೊಂಡು ಮುಂದಿನ ಕಂಪ್ಯೂಟರಿಗೆ ಹೋಗುತ್ತದೆ.

ಒಳಗೆ ಏನು ನಡೆಯುತ್ತದೆ

ಅನುಮಾನ ಬಂದ ಒಂದು ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, 'ಟಾರ್ಗೆಟ್' ಎಂಬ ಸಾಲು ಓದಿ. ಸಾಮಾನ್ಯ ಶಾರ್ಟ್‌ಕಟ್ ಆಗಿದ್ದರೆ ಅಲ್ಲಿ ಒಂದು ಫೈಲಿನ ವಿಳಾಸ ಇರಬೇಕು. ಇಲ್ಲಿ ಬೇರೆಯೇ ಕಥೆ. ಮೊದಲು ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ) ಕರೆಯುತ್ತದೆ. ಅದರಿಂದ ಬಚ್ಚಿಟ್ಟ ವಿಬಿಎಸ್ ಫೈಲನ್ನು, ಅಂದರೆ ವಿಂಡೋಸ್ ನೇರವಾಗಿ ಓಡಿಸಬಲ್ಲ ಪುಟ್ಟ ಸ್ಕ್ರಿಪ್ಟನ್ನು, ಓಡಿಸುತ್ತದೆ. ಆಮೇಲೆ ಒಳ್ಳೆಯವನಂತೆ ನಿಮ್ಮ ಅಸಲಿ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಚಾಲಾಕಿತನ ಇರುವುದೇ ಈ ಕೊನೆಯ ಭಾಗದಲ್ಲಿ. ಫೋಲ್ಡರ್ ತೆರೆದುಕೊಂಡಿತಲ್ಲ, ಇನ್ನು ಯಾರಿಗೆ ಅನುಮಾನ ಬರುತ್ತದೆ?

ಹಿಂದೆ ಇಷ್ಟು ನಾಟಕ ಬೇಕಿರಲಿಲ್ಲ. ಡ್ರೈವ್ ಹಾಕಿದರೆ ತಾನಾಗಿ ಪ್ರೋಗ್ರಾಮ್ ಓಡುವ 'ಆಟೋರನ್' ಸೌಲಭ್ಯ ವಿಂಡೋಸ್ 95ರಿಂದಲೂ ಇತ್ತು. ಸಿಡಿಗಾಗಿ ತಂದ ಅನುಕೂಲ ವರ್ಮ್ ಬರೆಯುವವರಿಗೆ ಹಬ್ಬವಾಯಿತು. 2008ರಲ್ಲಿ ಮಧ್ಯಪ್ರಾಚ್ಯದ ಒಂದು ಸೇನಾ ನೆಲೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿದ ಒಂದು ಡ್ರೈವ್‌ನಿಂದ 'ಏಜೆಂಟ್.ಬಿಟಿಝಡ್' ಎಂಬ ವರ್ಮ್ ಅಮೆರಿಕದ ಸೇನೆಯ ಜಾಲ ಹೊಕ್ಕಿತು. ಅದನ್ನು ತೊಳೆಯಲು ತಿಂಗಳುಗಟ್ಟಲೆ ಹಿಡಿಯಿತು. ಪೆಂಟಗನ್ ಕೆಲಕಾಲ ಪೆನ್‌ಡ್ರೈವನ್ನೇ ನಿಷೇಧಿಸಿತು. ಅದೇ ವರ್ಷದ ಕೊನೆಗೆ ಬಂದ 'ಕಾನ್‌ಫಿಕರ್' ಇನ್ನೂ ಜಾಣ. ಡ್ರೈವ್ ಹಾಕಿದಾಗ ಬರುವ ಪಟ್ಟಿಯಲ್ಲಿ ಹಳದಿ ಫೋಲ್ಡರಿನ ಚಿತ್ರ ಇಟ್ಟು, 'ಫೈಲುಗಳನ್ನು ನೋಡಲು ಫೋಲ್ಡರ್ ತೆರೆಯಿರಿ' ಎಂದು ತಾನೇ ಬರೆದುಕೊಳ್ಳುತ್ತಿತ್ತು. ಅದನ್ನು ಒತ್ತಿದವರು ತೆರೆಯುತ್ತಿದ್ದದ್ದು ಫೋಲ್ಡರನ್ನಲ್ಲ, ವರ್ಮನ್ನು.

ವಿಂಡೋಸ್ 7 ಬಂದಾಗ ಯುಎಸ್‌ಬಿ ಡ್ರೈವ್‌ಗಳಿಗೆ ಆಟೋರನ್ ನಿಂತಿತು. 2011ರ ಫೆಬ್ರುವರಿಯಲ್ಲಿ ಎಕ್ಸ್‌ಪಿ, ವಿಸ್ಟಾಗಳಿಗೂ ಅಪ್‌ಡೇಟ್ ಮೂಲಕ ಅದೇ ಬದಲಾವಣೆ ಬಂತು. ಆಮೇಲಿನ ವರ್ಮ್‌ಗಳು ನಿಮ್ಮ ಬೆರಳನ್ನೇ ನಂಬಿಕೊಂಡವು. ಶಾರ್ಟ್‌ಕಟ್ ಬಂದದ್ದು ಹೀಗೆ. (2010ರಲ್ಲಿ ಸಿಕ್ಕಿಬಿದ್ದ 'ಸ್ಟಕ್ಸ್‌ನೆಟ್' ಎಂಬ ವರ್ಮ್‌ಗೆ ಕ್ಲಿಕ್ಕೂ ಬೇಕಿರಲಿಲ್ಲ, ಶಾರ್ಟ್‌ಕಟ್‌ನ ಐಕಾನ್ ಪರದೆ ಮೇಲೆ ಬಂದರೆ ಸಾಕಿತ್ತು. ಆ ಬಿರುಕು ಮುಚ್ಚಲು ಮೈಕ್ರೋಸಾಫ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ಅಪ್‌ಡೇಟ್ ಬಿಟ್ಟಿತು. ಅಪ್‌ಡೇಟ್ ಹಾಕಿಕೊಳ್ಳಿ ಎಂದು ತಲೆ ತಿನ್ನುವುದು ಸುಮ್ನೆ ಅಲ್ಲ.)

ಮೊದಲು ಫೈಲ್ ಉಳಿಸಿಕೊಳ್ಳಿ

ನಾಳೆಯೇ ಬೇಕಾದ ಫೈಲ್ ಒಳಗಿದ್ದರೆ ಕಂಪ್ಯೂಟರ್ ಬಿಟ್ಟು ಫೋನ್ ತೆಗೆದುಕೊಳ್ಳಿ. ಓಟಿಜಿ ಅಡಾಪ್ಟರ್ (ಫೋನಿಗೆ ಪೆನ್‌ಡ್ರೈವ್ ಜೋಡಿಸುವ ಪುಟ್ಟ ಕೊಂಡಿ) ಮೂಲಕ ಪೆನ್‌ಡ್ರೈವನ್ನು ಆಂಡ್ರಾಯ್ಡ್ ಫೋನಿಗೆ ಹಾಕಿ, ಫೈಲ್ ಮ್ಯಾನೇಜರ್‌ನಲ್ಲಿ ನೋಡಿ. ವಿಂಡೋಸ್ ಮರೆಮಾಡಿದ ಫೋಲ್ಡರ್‌ಗಳು ಫೋನಿನಲ್ಲಿ ಸಾಮಾನ್ಯವಾಗಿ ನೆಟ್ಟಗೆ ಕಾಣುತ್ತವೆ. ವಿಂಡೋಸ್‌ಗೆ ಬರೆದ ವರ್ಮ್ ಫೋನಿನಲ್ಲಿ ಓಡುವುದೂ ಇಲ್ಲ. ಬೇಕಾದ ಪಿಡಿಎಫ್, ಫೋಟೊಗಳನ್ನಷ್ಟೇ ನಕಲು ಮಾಡಿಕೊಳ್ಳಿ. ಇಡೀ ಡ್ರೈವನ್ನು ಎತ್ತಿ ಹಾಕಿಕೊಂಡರೆ ವರ್ಮೂ ಜೊತೆಗೆ ಬರುತ್ತದೆ.

ಆಮೇಲೆ ಕಂಪ್ಯೂಟರ್

ಎಲ್ಲರೂ ತಪ್ಪುವುದು ಇಲ್ಲೇ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುತ್ತಾರೆ, ಮತ್ತೆ ಅದೇ ಕಂಪ್ಯೂಟರಿಗೆ ಹಾಕುತ್ತಾರೆ, ನಿಮಿಷದಲ್ಲಿ ಮತ್ತೆ ಬಾಣಗಳು. ಹುತ್ತ ಬಡಿದರೆ ಹಾವು ಸಾಯುತ್ತದಾ? ಫೈಲುಗಳೂ ಹೋದವು, ವರ್ಮೂ ಉಳಿಯಿತು. ಹಾಗಾಗಿ ಪೆನ್‌ಡ್ರೈವ್ ಕಳಚಿ ಪಕ್ಕಕ್ಕಿಡಿ. ನೆಟ್ ಸಂಪರ್ಕವನ್ನೂ ತೆಗೆಯಿರಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ 'ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್' ಅಥವಾ 'ಡಬ್ಲ್ಯುಸ್ಕ್ರಿಪ್ಟ್' ಓಡುತ್ತಿದೆಯೇ ನೋಡಿ. ಮನೆ ಕಂಪ್ಯೂಟರಿನಲ್ಲಿ ಅದು ಸದಾ ಓಡುತ್ತಿರಲು ಕಾರಣವೇ ಇಲ್ಲ. 'ಎಂಡ್ ಟಾಸ್ಕ್' ಒತ್ತಿ. ಇದನ್ನು ಮೊದಲೇ ಮಾಡಬೇಕು. ಇಲ್ಲದಿದ್ದರೆ ನೀವು ಅಳಿಸಿದ್ದನ್ನು ವರ್ಮ್ ಕೆಲವೇ ಸೆಕೆಂಡಿನಲ್ಲಿ ಮತ್ತೆ ಬರೆದುಕೊಳ್ಳುತ್ತದೆ. ಹಾಗೆಂದು ಡಬ್ಲ್ಯುಸ್ಕ್ರಿಪ್ಟ್ ಫೈಲನ್ನೇ ಡಿಲೀಟ್ ಮಾಡಬೇಡಿ. ಅದು ವಿಂಡೋಸ್‌ನದ್ದೇ. ವರ್ಮ್ ಅದನ್ನು ದುಡಿಸಿಕೊಳ್ಳುತ್ತಿದೆ, ಅಷ್ಟೇ.

ಈಗ ಅದೇ ಕಿಟಕಿಯ 'ಸ್ಟಾರ್ಟಪ್' ಭಾಗಕ್ಕೆ ಹೋಗಿ. ಕಾಲಮ್ಮಿನ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ 'ಕಮಾಂಡ್ ಲೈನ್' ಆರಿಸಿಕೊಳ್ಳಿ. ಇದು ಬಹಳ ಜನರಿಗೆ ಗೊತ್ತಿಲ್ಲದ ಅನುಕೂಲ. ಯಾವ ಫೈಲ್ ಎಲ್ಲಿಂದ ಓಡುತ್ತಿದೆ ಎಂಬುದು ಪೂರ್ತಿ ಕಾಣುತ್ತದೆ. 'ಟೆಂಪ್' ಅಥವಾ 'ರೋಮಿಂಗ್' ಫೋಲ್ಡರಿನಿಂದ ಅರ್ಥವಿಲ್ಲದ ಹೆಸರಿನ ವಿಬಿಎಸ್ ಫೈಲ್ ಓಡುತ್ತಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಅದನ್ನು 'ಡಿಸೇಬಲ್' ಮಾಡಿ, ಆ ಜಾಗಕ್ಕೆ ಹೋಗಿ ಫೈಲ್ ಅಳಿಸಿ. ಸ್ಟಾರ್ಟ್ ಮೆನುವಿನ ಸ್ಟಾರ್ಟಪ್ ಫೋಲ್ಡರನ್ನೂ, ನಿಗದಿತ ಹೊತ್ತಿಗೆ ತಾನಾಗಿ ಪ್ರೋಗ್ರಾಮ್ ಓಡಿಸುವ 'ಟಾಸ್ಕ್ ಶೆಡ್ಯೂಲರ್' ಪಟ್ಟಿಯನ್ನೂ ಒಮ್ಮೆ ನೋಡಿ.

ಕೈಯಿಂದ ಹುಡುಕಿದ್ದಕ್ಕೇ ತೃಪ್ತರಾಗಬೇಡಿ. ನೆಟ್ ಮತ್ತೆ ಕೊಟ್ಟು 'ವಿಂಡೋಸ್ ಸೆಕ್ಯುರಿಟಿ' ಅಪ್‌ಡೇಟ್ ಮಾಡಿ. 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ಕಾಫಿ ಕುಡಿದು ಬನ್ನಿ. ವರ್ಮ್ ಓಡದೇ ಇರುವ ಹೊತ್ತಿನಲ್ಲಿ ಹಿಡಿಯುವುದರಿಂದ ಇದು ಮಾಮೂಲಿ ಸ್ಕ್ಯಾನ್‌ಗಿಂತ ಗಟ್ಟಿ.

ಈಗ ಪೆನ್‌ಡ್ರೈವ್

ಸೆಟ್ಟಿಂಗ್ಸ್‌ನಲ್ಲಿ 'ಆಟೋಪ್ಲೇ' (ಡ್ರೈವ್ ಹಾಕಿದಾಗ ಪಟ್ಟಿ ತೋರಿಸುವ ಸೌಲಭ್ಯ) ಆಫ್ ಮಾಡಿ, ಡ್ರೈವ್ ಹಾಕಿ, ತೆರೆಯಬೇಡಿ. ಸ್ಕ್ಯಾನ್ ಆಪ್ಷನ್ಸ್‌ನ 'ಕಸ್ಟಮ್ ಸ್ಕ್ಯಾನ್'ನಲ್ಲಿ ಆ ಡ್ರೈವನ್ನೇ ಆರಿಸಿ. ಆಂಟಿವೈರಸ್ ವರ್ಮನ್ನು ತೆಗೆಯುತ್ತದೆ, ಆದರೆ ಮರೆಯಾದ ಫೈಲುಗಳನ್ನು ಹೊರಗೆ ತರುವ ಕೆಲಸವನ್ನು ಎಷ್ಟೋ ಸಲ ನಿಮಗೇ ಬಿಡುತ್ತದೆ.

ಅದಕ್ಕೆ ಒಂದೇ ಸಾಲಿನ ಕಮಾಂಡ್ ಸಾಕು. ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ನಿಮ್ಮ ಡ್ರೈವ್ 'ಇ' ಎಂದುಕೊಳ್ಳೋಣ. ಇಂಗ್ಲಿಷ್ ಅಕ್ಷರ ಇ, ಪಕ್ಕದಲ್ಲಿ ಕೋಲನ್ ಚಿಹ್ನೆ ಹಾಕಿ ಎಂಟರ್ ಒತ್ತಿ. ಸಾಲಿನ ಮೊದಲಲ್ಲಿ ಇ ಬಂದಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಅಲ್ಲಿ ಇನ್ನೂ ಸಿ ಇದ್ದರೆ ಮುಂದೆ ಹೋಗಬೇಡಿ, ವಿಂಡೋಸ್‌ನ ಫೈಲುಗಳ ಮೇಲೆ ಕೈ ಇಟ್ಟಂತಾಗುತ್ತದೆ. ಇನ್ನು ಇಂಗ್ಲಿಷ್‌ನಲ್ಲಿ ಎ, ಟಿ, ಟಿ, ಆರ್, ಐ, ಬಿ ಎಂದು ಬರೆದು, ಒಂದೊಂದು ಸ್ಪೇಸ್ ಬಿಟ್ಟು ಹೀಗೆ ಮುಂದುವರಿಸಿ: ಮೈನಸ್ ಎಚ್, ಮೈನಸ್ ಎಸ್, ಮೈನಸ್ ಆರ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಎಂಟರ್.

ಎಚ್ ಎಂದರೆ ಹಿಡನ್, ಎಸ್ ಎಂದರೆ ಸಿಸ್ಟಮ್, ಆರ್ ಎಂದರೆ ರೀಡ್ ಓನ್ಲಿ. ಮೈನಸ್ ಹಾಕಿದರೆ ಆ ಗುರುತು ಕಳಚುತ್ತದೆ. ವರ್ಮ್ ಎಚ್ ಮತ್ತು ಎಸ್ ಎರಡನ್ನೂ ಹಾಕಿರುತ್ತದೆ. ಒಂದನ್ನೇ ತೆಗೆಯಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ, ಅದಕ್ಕೇ ಎರಡೂ ಒಟ್ಟಿಗೆ. ಕೊನೆಯ ಎರಡು ಸ್ಲ್ಯಾಶ್‌ಗಳು ಒಳಗಿನ ಫೋಲ್ಡರ್‌ಗಳಿಗೂ ಇದನ್ನು ಮುಟ್ಟಿಸುತ್ತವೆ.

ಡ್ರೈವ್ ತೆರೆದರೆ ಅಸಲಿ ಫೋಲ್ಡರ್‌ಗಳು ವಾಪಸ್ ಬಂದಿರುತ್ತವೆ. ಕೆಲವು ವರ್ಮ್‌ಗಳು ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿಗೆ ತುರುಕಿರುತ್ತವೆ. ಅಂಥದ್ದು ಕಂಡರೆ ಹೆದರಿ ಅಳಿಸಬೇಡಿ, ನಿಮ್ಮ ಫೈಲುಗಳು ಅದರೊಳಗೇ ಇರುತ್ತವೆ. 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್' ಎಂಬ ಫೋಲ್ಡರೂ ಕಾಣಬಹುದು. ಅದು ವಿಂಡೋಸ್ ಮಾಡಿಕೊಂಡದ್ದು, ಬಿಟ್ಟುಬಿಡಿ.

ಉಳಿದ ಕಸ ಗುರುತಿಸಲು ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆನ್ ಮಾಡಿ. ಹಳದಿ ಫೋಲ್ಡರಿನ ಚಿತ್ರ ಹೊತ್ತು ಕೂತ ಇಎಕ್ಸ್‌ಇ ಫೈಲು, ಅಂದರೆ ಪ್ರೋಗ್ರಾಮ್, ಆಗ ಹೆಸರಿನ ಕೊನೆಯಲ್ಲಿ ತನ್ನ ಬಾಲ ತೋರಿಸುತ್ತದೆ. ಬಾಣದ ಶಾರ್ಟ್‌ಕಟ್‌ಗಳು, ವಿಬಿಎಸ್ ಫೈಲುಗಳು, 'ಆಟೋರನ್.ಐಎನ್ಎಫ್' (ಆಟೋರನ್‌ಗೆ ಯಾವ ಪ್ರೋಗ್ರಾಮ್ ಓಡಿಸಬೇಕೆಂದು ಹೇಳುವ ಫೈಲ್), ನೀವು ಇಡದ ಇಎಕ್ಸ್‌ಇಗಳು ಎಲ್ಲವನ್ನೂ ಅಳಿಸಿ. ಬೇಕಾದ್ದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಎಲ್ಲವೂ ತೆರೆಯುತ್ತವೆ ಎಂದು ನೋಡಿಕೊಂಡ ಮೇಲೆ ಬೇಕಿದ್ದರೆ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್‌ಗೆ ಸರಿಯಾದ ಹೊತ್ತು ಇದೇ.

ಮತ್ತೆ ಬರದ ಹಾಗೆ

ಡ್ರೈವ್‌ನಲ್ಲಿ 'ಆಟೋರನ್.ಐಎನ್ಎಫ್' ಹೆಸರಿನ ಖಾಲಿ ಫೋಲ್ಡರ್ ಮಾಡಿಟ್ಟರೆ ವರ್ಮ್ ಬರುವುದಿಲ್ಲ ಎಂಬ ಉಪಾಯ ಇನ್ನೂ ಚಾಲ್ತಿಯಲ್ಲಿದೆ. ಹಳೇ ವರ್ಮ್‌ಗಳಿಗೆ ಅದು ಸರಿ, ಶಾರ್ಟ್‌ಕಟ್ ಜಾತಿಗೆ ಏನೂ ಉಪಯೋಗವಿಲ್ಲ. ಪ್ರಿಂಟ್‌ಗೆ ಹೋಗುವಾಗ ಬೇಕಾದ ಪಿಡಿಎಫ್ ಒಂದನ್ನೇ ಹಾಕಿದ ಬೇರೆ ಪೆನ್‌ಡ್ರೈವ್ ಒಯ್ಯುವುದು ಅದಕ್ಕಿಂತ ಎಷ್ಟೋ ವಾಸಿ. ಮೇಲ್ ಮಾಡಿದರೆ ಇನ್ನೂ ಒಳ್ಳೆಯದು. ಎಸ್‌ಡಿ ಕಾರ್ಡ್ ಬಳಸುವವರು ಅದರ ಪಕ್ಕದ ಪುಟ್ಟ ಲಾಕ್ ಸರಿಸಿ ಕೊಡಿ. ಸಾಮಾನ್ಯವಾಗಿ ಆಗ ಅದರ ಮೇಲೆ ಏನೂ ಬರೆಯಲಾಗುವುದಿಲ್ಲ. ಅಂಗಡಿ, ಲ್ಯಾಬ್ ನಡೆಸುವವರು ಎಲ್ಲ ಕಂಪ್ಯೂಟರ್‌ಗಳನ್ನೂ ಒಂದೇ ದಿನ ಶುಚಿ ಮಾಡಬೇಕು. ಒಂದು ಉಳಿದರೂ ಸಂಜೆಯೊಳಗೆ ಎಲ್ಲಕ್ಕೂ ಹರಡಿರುತ್ತದೆ.

ಪಾಸ್‌ವರ್ಡ್ ಮಾತ್ರ ಮರೆಯಬೇಡಿ. 'ಜೆಂಕ್ಸ್‌ಕಸ್' ಎಂಬ ವಿಬಿಎಸ್ ವರ್ಮ್ ಫೈಲ್ ಬಚ್ಚಿಡುವುದಕ್ಕೇ ನಿಲ್ಲುತ್ತಿರಲಿಲ್ಲ, ದೂರದಲ್ಲಿ ಕೂತವನಿಗೆ ಕಂಪ್ಯೂಟರಿನ ಹಿಂಬಾಗಿಲನ್ನೂ ತೆರೆದುಕೊಡುತ್ತಿತ್ತು. ನಿಮಗೆ ತಗಲಿದ್ದು ಯಾವ ಜಾತಿಯದೋ ಬಾಣ ನೋಡಿ ಹೇಳಲಾಗದು. ಆದ್ದರಿಂದ ಆ ಕಂಪ್ಯೂಟರಿನಲ್ಲಿ ಬಳಸಿದ ಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಫೋನಿನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಅದೇ ದಿನ ಬದಲಿಸಿ.