ಮಟ್ಟಿಯಿಂದ ಮ್ಯಾಟ್‌ಗೆ: ನನ್ನ ಕುಸ್ತಿ ಬದಲಾದ ಬಗೆ

ನಾನು ಮೈಸೂರಿನ ಗರಡಿಯಲ್ಲಿ, ಮಟ್ಟಿಯಲ್ಲಿ ಅಂದರೆ ಕುಸ್ತಿಯ ಮಣ್ಣಿನ ಅಖಾಡದಲ್ಲಿ, ಬೆಳೆದವನು. ದುಡ್ಡಿನ ಕುಸ್ತಿ ಆಡಿದ್ದೇನೆ, ಆಮೇಲೆ ಪಾಯಿಂಟ್ ಕುಸ್ತಿಗೂ ಇಳಿದೆ. ಈಗ ಮಕ್ಕಳಿಗೆ ಎರಡನ್ನೂ ಕಲಿಸುತ್ತೇನೆ. ಕುಸ್ತಿಯಲ್ಲಿ ಏನು ಬದಲಾಯ್ತು ಅಂದರೆ ಎಲ್ಲರೂ ಮಣ್ಣು ಹೋಗಿ ಮ್ಯಾಟ್ ಬಂತು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಹೊಟ್ಟೆ ಮೇಲೆ ಮಲಗಿದ ಪೈಲ್ವಾನನಿಗೆ ಮೊದಲು ಏನೂ ಆಗುತ್ತಿರಲಿಲ್ಲ. ಈಗ ಅವನು ಸೋಲುತ್ತಾನೆ.

ನಾಡಕುಸ್ತಿಯಲ್ಲಿ ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್. ಅಲ್ಲಿವರೆಗೆ ಯಾರೂ ಸೋತಿಲ್ಲ. ಹಾಗಾಗಿ ಎದುರಾಳಿ ಜೋರಾಗಿದ್ದರೆ ಬೋರಲು ಬಿದ್ದು, ಕತ್ತು ಬಿಗಿದು, ಕಾಲು ಅಗಲಿಸಿ ಮಟ್ಟಿಗೆ ಅಂಟಿಕೊಳ್ಳುವುದು ನಮಗೆ ಕಲಿಸಿದ ವಿದ್ಯೆಯೇ. 1910ರಲ್ಲಿ ಲಂಡನ್‌ನಲ್ಲಿ ನಮ್ಮ ದೇಶದ ಹೆಸರಾಂತ ಪೈಲ್ವಾನ ಗಾಮಾ ಎದುರು ಪೋಲೆಂಡಿನ ಪೈಲ್ವಾನ ಜಿಬಿಸ್ಕೋ ಇದನ್ನೇ ಮಾಡಿದ. ಎರಡೂವರೆ ಗಂಟೆ ಕಳೆದರೂ ಕುಸ್ತಿ ತೀರ್ಮಾನವಾಗಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಸೇರಿದಾಗ ಗಾಮಾ ಒಂದು ನಿಮಿಷದೊಳಗೆ ಕೆಡವಿದರು. ಇವತ್ತಿನ ನಿಯಮದಲ್ಲಿ ಆ ಮೊದಲ ಕುಸ್ತಿ ಆರು ನಿಮಿಷ ದಾಟುತ್ತಿರಲಿಲ್ಲ.

ನಮ್ಮಲ್ಲಿ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, ಹಿಂದೆ ಯಾರ ಜೊತೆ ಆಡಿದ್ದಾನೆ ಅಂತ ವಿಚಾರಿಸಿ ಹಿರಿಯರು ಕೈ ಕೂಡಿಸುತ್ತಾರೆ. ದಸರಾ ಕುಸ್ತಿಗೆ ಈಗಲೂ ಈ ಪದ್ಧತಿ ಇದೆ. ಒಳ್ಳೆ ಉಸ್ತಾದರ ಕಣ್ಣು ತಕ್ಕಡಿಗಿಂತ ಚೆನ್ನಾಗಿ ಜೋಡಿ ಹುಡುಕುತ್ತದೆ ಅಂತ ನಾನು ಇವತ್ತಿಗೂ ನಂಬುತ್ತೇನೆ. ಯಾಕಂದರೆ ತಕ್ಕಡಿಗೆ ಉಸಿರಿನ ತಾಕತ್ತು ಗೊತ್ತಾಗುವುದಿಲ್ಲ. ಆದರೆ ಸಮಬಲದವರು ಸಿಕ್ಕಾಗ ಕುಸ್ತಿ ಎಳೆದಾಡಿ ಸಮ ಆಗುತ್ತಿತ್ತು. ದುಡ್ಡು ಹಂಚಿಕೊಂಡು ಎದ್ದು ಬರುತ್ತಿದ್ದೆವು. ದೂರದ ಊರಿಂದ ಬಂದು ಕೂತ ಜನಕ್ಕೆ ಅದು ಅನ್ಯಾಯ, ಅಲ್ವಾ?

ಮ್ಯಾಟ್ ಮೇಲೆ ಲೆಕ್ಕವೇ ಬೇರೆ. ಎದುರಾಳಿಯನ್ನು ಕೆಡವಿ ಅವನ ಬೆನ್ನ ಹಿಂದೆ ಹೋದರೆ 2 ಪಾಯಿಂಟ್. ಹಿಂದಿನಿಂದ ಸೊಂಟ ತಬ್ಬಿ ಒಂದು ಸಲ ಉರುಳಿಸಿದರೆ ಇನ್ನೂ 2. ಫ್ರೀಸ್ಟೈಲ್‌ನಲ್ಲಿ, ಅಂದರೆ ಕಾಲನ್ನೂ ಹಿಡಿಯಬಹುದಾದ ಕುಸ್ತಿಯಲ್ಲಿ, 10 ಪಾಯಿಂಟ್ ಮುಂದೆ ಹೋದರೆ ಕುಸ್ತಿ ಅಲ್ಲಿಗೇ ಮುಗಿಯುತ್ತದೆ. ಅಂದರೆ ಒಮ್ಮೆ ಕೆಡವಿ ನಾಲ್ಕು ಸಲ ಉರುಳಿಸಿದರೆ ಸಾಕು, ಭುಜ ತಾಗಿಸುವ ಅಗತ್ಯವೇ ಇಲ್ಲ. ಮುಟ್ಟದೆ ತಪ್ಪಿಸಿಕೊಂಡು ಓಡಾಡಿದರೆ ರೆಫರಿ ಎಚ್ಚರಿಸಿ, ಆಮೇಲೆ 30 ಸೆಕೆಂಡ್ ಕೊಡುತ್ತಾರೆ. ಅಷ್ಟರಲ್ಲಿ ಏನೂ ಮಾಡದಿದ್ದರೆ ಪಾಯಿಂಟ್ ಎದುರಾಳಿಗೆ. 2013ಕ್ಕೆ ಮೊದಲು ಎರಡೆರಡು ನಿಮಿಷದ ಸುತ್ತುಗಳು, ಪ್ರತಿ ಸುತ್ತಿಗೂ ಬೇರೆ ಲೆಕ್ಕ. ಆ ವರ್ಷ ಒಲಿಂಪಿಕ್ಸ್‌ನಿಂದಲೇ ಕುಸ್ತಿಯನ್ನು ಕೈಬಿಡುವ ಮಾತು ಬಂತು. ಆಗ ಮೂರು ಮೂರು ನಿಮಿಷದ ಎರಡು ಸುತ್ತು ಮಾಡಿ, ಪಾಯಿಂಟ್ ಒಟ್ಟು ಸೇರಿಸಲು ಶುರು ಮಾಡಿದರು. ನನ್ನ ಪ್ರಕಾರ ಆಟ ಉಳಿದದ್ದೇ ಇದರಿಂದ.

ನಾನು ಮೊದಲು ಬದಲಿಸಿದ್ದು ನಿಲ್ಲುವ ರೀತಿ. ಮಣ್ಣಲ್ಲಿ ಪಾದ ಹೂತುಕೊಳ್ಳುತ್ತದೆ. ನೆಟ್ಟಗೆ ನಿಂತು ಕತ್ತು ಹಿಡಿದು ಜಗ್ಗಬಹುದು. ಮ್ಯಾಟ್ ಮೇಲೆ ಶೂ ಹಾಕಿದವನು ಒಂದೇ ನೆಗೆತಕ್ಕೆ ಕಾಲಿಗೆ ಬೀಳುತ್ತಾನೆ. ಸೊಂಟ ಇಳಿಸಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು ನಡೆಯುವುದನ್ನೇ ದಿನಾ ಬೆಳಿಗ್ಗೆ ಸಾಧನೆ ಮಾಡಿದೆ. ಎರಡನೆಯದು ಹಿಡಿತ. ಮಟ್ಟಿಯಲ್ಲಿ ಬೆವರಿದ ಬೆನ್ನಿಗೆ ಮಣ್ಣು ಬಳಿದರೆ ಹಿಡಿತ ಸಿಗುತ್ತದೆ, ಚಡ್ಡಿ ಹಿಡಿದೂ ಎತ್ತಬಹುದು. ಮ್ಯಾಟ್ ಮೇಲೆ ಮೈ ಜಾರುತ್ತದೆ, ಬಟ್ಟೆ ಹಿಡಿದರೆ ತಪ್ಪು. ಹಾಗಾಗಿ ಮಣಿಕಟ್ಟು ಹಿಡಿಯುವುದನ್ನು ಹೊಸದಾಗಿ ಕಲಿತೆ. ಗದೆ ಮತ್ತು ಹಗ್ಗ ಹತ್ತುವುದನ್ನು ಮಾತ್ರ ಬಿಡಲಿಲ್ಲ. ಮುಂಗೈಗೆ ಅದಕ್ಕಿಂತ ಒಳ್ಳೆ ಸಾಮು ನಾನು ಕಂಡಿಲ್ಲ. ಧೋಬಿ ಪಟ್ಟು (ಭುಜದ ಮೇಲಿಂದ ಎಸೆಯುವುದು), ಕಲಾಜಂಗ್ (ಹೆಗಲ ಮೇಲೆ ಅಡ್ಡ ಹೊತ್ತು ಕೆಡವುವುದು) ಎರಡೂ ಕಡೆ ನಡೆಯುತ್ತವೆ. ಮ್ಯಾಟ್ ಮೇಲೆ ಅರ್ಧ ಹೊತ್ತಲ್ಲಿ ಹಾಕಬೇಕು, ಅಷ್ಟೇ.

ತುಂಬಾ ಕಷ್ಟವಾಗಿದ್ದು ಬಿದ್ದ ಕೂಡಲೇ ಏಳುವುದು. ಮೈಗೆ ಮಲಗುವ ರೂಢಿ ಇರುತ್ತದೆ. ಜೊತೆಗಾರನನ್ನು ಬೆನ್ನ ಮೇಲೆ ಕೂರಿಸಿಕೊಂಡು, ಅವನು ಸೊಂಟಕ್ಕೆ ಕೈ ಕಟ್ಟುವ ಮೊದಲೇ ಒಂದು ಕಾಲೂರಿ ಮೇಲೇಳಬೇಕು. ಕೈ ಕಟ್ಟಿಬಿಟ್ಟರೆ ಮಣಿಕಟ್ಟು ಹಿಡಿದು ಬಿಡಿಸಿಕೊಳ್ಳಬೇಕು. ಒಂದೆರಡು ಬೆರಳು ಹಿಡಿದು ತಿರುಚುವ ಹಾಗಿಲ್ಲ. ಇವತ್ತಿಗೂ ಗರಡಿ ಹುಡುಗರಿಗೆ ನಾನು ಮೊದಲು ಕೊಡುವ ಕೆಲಸ ಇದೇ.

ಊಟವೂ ಬದಲಾಯ್ತು. ಹಾಲು, ತುಪ್ಪ, ಬಾದಾಮಿ ಎಷ್ಟಾದರೂ ತಿನ್ನು ಅನ್ನುತ್ತಿದ್ದ ಕಾಲ ಅದು. ತೂಕದ ವಿಭಾಗ ಬಂದ ಮೇಲೆ ತುಪ್ಪ ಅಳೆದು ಹಾಕಿಕೊಂಡೆ. 2018ರಿಂದ ಸ್ಪರ್ಧೆಯ ಎರಡೂ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. ಮೊದಲಿನ ಹಾಗೆ ಹಿಂದಿನ ದಿನ ತೂಗಿಸಿಕೊಂಡು ರಾತ್ರಿ ಸುಧಾರಿಸಿಕೊಳ್ಳುವ ಅವಕಾಶ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಎರಡನೇ ದಿನ 100 ಗ್ರಾಂ ಜಾಸ್ತಿ ತೂಗಿ ಫೈನಲ್ ಕಳೆದುಕೊಂಡಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಕಲಿಸುವ ಮಕ್ಕಳಿಗೆ ನೀರು ಬಿಡಿಸಿ ತೂಕ ಇಳಿಸುವುದಿಲ್ಲ. ಒಂದು ವಿಭಾಗ ಮೇಲೆ ಆಡಿಸುತ್ತೇನೆ.

ಈಗ ಹೆಣ್ಣುಮಕ್ಕಳೂ ಬರುತ್ತಾರೆ. ನಾನು ಕಲಿಯುವಾಗ ಗರಡಿಯ ಹೊಸ್ತಿಲನ್ನೂ ಅವರು ದಾಟುವಂತಿರಲಿಲ್ಲ. 2004ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ಕುಸ್ತಿ ಸೇರಿತು, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಆಮೇಲೆ ತಂದೆ ತಾಯಿಯೇ ಕರೆದುಕೊಂಡು ಬಂದು ಬಿಡುತ್ತಾರೆ. ಇವರನ್ನು ನೇರವಾಗಿ ಮ್ಯಾಟ್ ಮೇಲೆ ಶುರು ಮಾಡಿಸುತ್ತೇನೆ. ಮಲಗುವ ರೂಢಿ ಇಲ್ಲದ ಕಾರಣ ಬಿದ್ದು ಏಳುವುದನ್ನು ಹುಡುಗರಿಗಿಂತ ಬೇಗ ಕಲಿಯುತ್ತಾರೆ. ಕತ್ತು ಗಟ್ಟಿಯಾಗಲು ಮಾತ್ರ ಮಟ್ಟಿಗೂ ಇಳಿಸುತ್ತೇನೆ. ಕುಸ್ತಿ ಮುಗಿದ ಮೇಲೆ ಮ್ಯಾಟ್ ಒರೆಸುವುದು ಎಲ್ಲರ ಪಾಳಿ. ಬೆವರು ನಿಂತರೆ ಹುಳುಕಡ್ಡಿ ಒಬ್ಬರಿಂದ ಇಡೀ ತಂಡಕ್ಕೆ ಹರಡುತ್ತದೆ.