ಬೆಳಗಿನ ಜಾವ ಬೈಕ್ ಓಡಿಸುವವರು ಗಾಳಿ ತಡೆಯುವುದು ಹೇಗೆ

ಹೋದ ವಾರ ನಮ್ಮ ವರ್ಕ್‌ಶಾಪಿಗೆ ಹೊಸ ಹುಡುಗನೊಬ್ಬ ಸೇರಿದ. ಮನೆ ರಾಜಾನುಕುಂಟೆ ಕಡೆ. ಆರು ಗಂಟೆ ಶಿಫ್ಟಿಗೆ ಬೈಕಲ್ಲಿ ಬಂದು, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಬಕಲ್ ಬಿಚ್ಚಲು ಹೋದರೆ ಬೆರಳು ಮಡಚುತ್ತಲೇ ಇಲ್ಲ. ಕೊನೆಗೆ ನಾನೇ ಬಿಚ್ಚಿದೆ. ಮೈಮೇಲೆ ಒಂದು ಟೀ ಶರ್ಟು, ಅದರ ಮೇಲೆ ಅವರಮ್ಮ ಹೆಣೆದುಕೊಟ್ಟ ದಪ್ಪ ಉಲ್ಲನ್ ಸ್ವೆಟರು. "ಅಣ್ಣ, ಇಷ್ಟು ದಪ್ಪ ಸ್ವೆಟರ್ ಹಾಕಿದ್ರೂ ಎದೆ ನಡುಗ್ತಾ ಇದೆ" ಅಂದ. ಟೀ ಕುಡಿಯುತ್ತಾ ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹಾಲು, ಪೇಪರು, ಹೂವು, ಸೆಕ್ಯುರಿಟಿ ಕೆಲಸ ಅಂತ ಈ ಊರಲ್ಲಿ ಸೂರ್ಯ ಹುಟ್ಟುವ ಮೊದಲೇ ಬೈಕ್ ಹತ್ತುವವರು ಬಹಳ ಜನ ಇದ್ದಾರೆ.

ನಾನು ಲೇತ್ ಟರ್ನರ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರದ ಮುಂದೆ ನಿಲ್ಲುವವನು. ಹೆಸರಘಟ್ಟದಿಂದ ಪೀಣ್ಯಕ್ಕೆ 13 ವರ್ಷದಿಂದ ಒಂದೇ ಸ್ಪ್ಲೆಂಡರಿನಲ್ಲಿ ಓಡಾಡುತ್ತಿದ್ದೇನೆ. ಫಸ್ಟ್ ಶಿಫ್ಟ್ ಇರುವ ವಾರ ಐದೂಕಾಲಿಗೆ ಮನೆ ಬಿಡುತ್ತೇನೆ. ಸೋಲದೇವನಹಳ್ಳಿ, ಚಿಕ್ಕಬಾಣಾವರ, ಬಾಗಲಗುಂಟೆ, ಎಂಟನೇ ಮೈಲಿ. ನಮ್ಮೂರ ಕಡೆ ಒಂದು ಪಕ್ಕ ಕೆರೆ, ಆಚೆ ಹುಲ್ಲುಗಾವಲು. 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಅರ್ಕಾವತಿಗೆ ಅಡ್ಡ ಕಟ್ಟಿದ ಕೆರೆ ಅದು. ಗಾಳಿಗೆ ಅಡ್ಡ ನಿಲ್ಲುವ ಕಟ್ಟಡ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಮಂಜು ರಸ್ತೆ ಮೇಲೇ ಮಲಗಿರುತ್ತದೆ.

"ಬೆಂಗಳೂರಲ್ಲಿ ಎಂಥ ಚಳಿ?" ಅಂತ ಕೇಳುವವರಿದ್ದಾರೆ. ನಮ್ಮದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರು. 1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿಗೆ ಇಳಿದ ದಾಖಲೆ ಇದೆ. ಈಗ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ಊರ ಹೊರಗೆ ಇನ್ನೂ ಸ್ವಲ್ಪ ಕಡಿಮೆ. ನಡೆದು ಹೋಗುವವರಿಗೆ ಇದು ಹಿತವಾದ ಚಳಿ. ಬೈಕ್ ಮೇಲಿರುವವರ ಲೆಕ್ಕವೇ ಬೇರೆ. ನಮ್ಮ ಮೈ ಸುತ್ತ ಬೆಚ್ಚಗಿನ ಗಾಳಿಯ ಒಂದು ತೆಳು ಪದರ ಇರುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತಲೇ ಇರುತ್ತದೆ. ಹವಾಮಾನದವರ ಸೂತ್ರದ ಪ್ರಕಾರ, 10 ಡಿಗ್ರಿಯಲ್ಲಿ ಗಂಟೆಗೆ 60 ಕಿ.ಮೀ. ಗಾಳಿ ಹೊಡೆದರೆ ತೆರೆದ ಚರ್ಮಕ್ಕೆ ಸುಮಾರು 5 ಡಿಗ್ರಿ ಇದ್ದ ಹಾಗೆ. ಹಾಗಾದರೆ ನಿಧಾನ ಹೋದರೆ ಆಯಿತು ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. 40ರಲ್ಲಿ ಹೋದರೂ ಅದೇ ಸೂತ್ರ 6 ಡಿಗ್ರಿ ಅನ್ನುತ್ತದೆ. ಒಂದೇ ಡಿಗ್ರಿ ಲಾಭ. ಮಂಜಿದೆ, ರಸ್ತೆ ಕಾಣುತ್ತಿಲ್ಲ ಅಂತ ನಿಧಾನ ಹೋಗಿ, ಹೋಗಲೇಬೇಕು. ಚಳಿಗೆ ಮಾತ್ರ ಅದು ಮದ್ದಲ್ಲ. ಗಾಳಿ ಒಳಗೆ ಬರದ ಹಾಗೆ ಮಾಡುವುದೊಂದೇ ದಾರಿ.

ಆ ಹುಡುಗನ ಸ್ವೆಟರ್ ಸೋತಿದ್ದು ಇಲ್ಲೇ. ಹೆಣೆದ ಉಲ್ಲನ್ನಿನಲ್ಲಿ ಸಣ್ಣ ಸಣ್ಣ ಕಣ್ಣುಗಳಿರುತ್ತವೆ. ಮನೆಯೊಳಗೆ ಕೂತಾಗ ಆ ಕಣ್ಣುಗಳಲ್ಲಿ ನಿಂತ ಗಾಳಿಯೇ ಮೈಯನ್ನು ಬೆಚ್ಚಗಿಡುವುದು. ಬೈಕಲ್ಲಿ ಅದೇ ಕಣ್ಣುಗಳಿಂದ ಗಾಳಿ ಈ ಕಡೆ ನುಗ್ಗಿ ಆ ಕಡೆ ಹೊರಡುತ್ತದೆ. ಸ್ವೆಟರ್ ಬೇಡ ಅಂತಲ್ಲ, ಅದರ ಮೇಲೆ ಗಾಳಿ ತಡೆಯುವ ಒಂದು ಪದರ ಬೇಕು. ಒಳ್ಳೆ ಜರ್ಕಿನ್ ಇದ್ದರೆ ಸರಿ. ಇಲ್ಲದಿದ್ದರೆ ಮಳೆಗಾಲ ಮುಗಿಯಿತು ಅಂತ ಅಟ್ಟಕ್ಕೆ ಹಾಕಿದ ರೇನ್‌ಕೋಟ್ ಇಳಿಸಿ. ನಾನು ನಾಲ್ಕು ವರ್ಷ ಅದರಲ್ಲೇ ಚಳಿಗಾಲ ಕಳೆದೆ. ನೀರೇ ದಾಟದ ಬಟ್ಟೆಯನ್ನು ಗಾಳಿ ಎಲ್ಲಿ ದಾಟುತ್ತದೆ? ರೇನ್‌ಕೋಟಿನ ಪ್ಯಾಂಟನ್ನೂ ಹಾಕಿಕೊಳ್ಳಿ. ಅದನ್ನು ಹಾಕಲು ಶುರು ಮಾಡಿದ ಮೇಲೆ, ಗಾಡಿ ಇಳಿದ ತಕ್ಷಣ ಮಂಡಿ ಹಿಡಿದುಕೊಳ್ಳುತ್ತಿದ್ದುದು ನನಗೆ ನಿಂತೇ ಹೋಯಿತು.

ಜರ್ಕಿನ್ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ತೋಳಿನ ಬಟ್ಟೆಯನ್ನು ಬಾಯಿಗೆ ಒತ್ತಿ ಜೋರಾಗಿ ಊದಿ, ಆಚೆ ಬದಿಗೆ ಅಂಗೈ ಹಿಡಿಯಿರಿ. ಅಂಗೈಗೆ ಗಾಳಿ ತಗುಲಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಚೆನ್ನಾಗಿ ಕಂಡರೂ. ಅಂಗಡಿಯವರು ನೋಡುತ್ತಾರೆ ಅಂತ ಸಂಕೋಚ ಬೇಡ. ಆಮೇಲೆ ಮಣಿಕಟ್ಟಿನ ಹತ್ತಿರ ಎಲಾಸ್ಟಿಕ್ ಬಿಗಿಯಾಗಿದೆಯೇ, ಸೊಂಟದ ಹತ್ತಿರ ಎಳೆದು ಕಟ್ಟಲು ಬರುತ್ತದೆಯೇ ನೋಡಿ. ಗಾಡಿ ಮೇಲೆ ಕೈ ಚಾಚಿದಾಗ ತೋಳು ಮೇಲೆ ಸರಿಯುತ್ತದೆ. ಆದ್ದರಿಂದ ನಿಂತು ನೋಡಬೇಡಿ, ಹ್ಯಾಂಡಲ್ ಹಿಡಿದವರ ಹಾಗೆ ಕೈ ಮುಂದೆ ಮಾಡಿ ನೋಡಿ.

ಕೈಯಲ್ಲಿ ದುಡ್ಡಿಲ್ಲ, ನಾಳೆ ಬೆಳಿಗ್ಗೆಯೇ ಹೊರಡಬೇಕು ಅನ್ನುವವರಿಗೆ ಹಳೇ ನ್ಯೂಸ್ ಪೇಪರ್ ಇದೆ. ನಮ್ಮ ಮನೆಯವಳು ಕಲಿಸಿದ್ದು. ಅವಳ ತಂದೆ ಸೈಕಲ್ ಮೇಲೆ ಹಾಲು ಹಾಕುತ್ತಿದ್ದರು. ಒಂದು ದಿನ ನಾನು ಹೊರಡುವಾಗ "ರೀ, ಒಂದು ನಿಮಿಷ ನಿಲ್ಲಿ" ಅಂತ ಹಿಂದಿನ ದಿನದ ಪೇಪರಿನ ನಾಲ್ಕು ಹಾಳೆ ಒಟ್ಟಿಗೆ ಹಿಡಿದು, ಅರ್ಧಕ್ಕೆ ಮಡಚಿ, ಶರ್ಟಿಗೂ ಸ್ವೆಟರಿಗೂ ನಡುವೆ ಸೇರಿಸಿದಳು. ಕತ್ತಿನ ಬುಡದಿಂದ ಹೊಕ್ಕುಳದ ತನಕ ಬರುವ ಹಾಗೆ. ಕೆಳಗಿನ ಅಂಚನ್ನು ಬೆಲ್ಟಿನೊಳಗೆ ಸಿಗಿಸಿದಳು. ನಡೆದರೆ ಪರಪರ ಸದ್ದು. ಆದರೆ ಚಿಕ್ಕಬಾಣಾವರ ಬಂದರೂ ಎದೆಗೆ ಆ ಸೂಜಿ ಚುಚ್ಚಿದ ಹಾಗಿನ ಗಾಳಿ ತಾಕಲೇ ಇಲ್ಲ. ಹಾಳೆಗಳ ನಡುವೆ ನಿಂತ ಗಾಳಿಯೂ ಒಂದು ಕಂಬಳಿಯೇ. ಬೆವರಿಗೆ ಒದ್ದೆಯಾದ ಪೇಪರನ್ನು ಮರುದಿನ ಬಳಸಬೇಡಿ, ಹೊಸದು ಹಾಕಿ. ಬನಿಯನ್ನೂ ಅಷ್ಟೇ, ಒಣಗಿರಬೇಕು. ಒದ್ದೆ ಹತ್ತಿ ಬಟ್ಟೆ ಮೈಯ ಶಾಖವನ್ನು ಹೀರುತ್ತದೆ.

ಇನ್ನು ಕೈ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಮುಂದಿನ ಬ್ರೇಕ್ ಇರುವುದು ಕೈಯಲ್ಲಿ.

ಐದು ವರ್ಷದ ಹಿಂದೆ, ಸಂಕ್ರಾಂತಿಗೆ ಎರಡು ದಿನ ಇತ್ತು. ಗ್ಲೌಸ್ ಹಾಕದೆ ಹೊರಟಿದ್ದೆ. ಚಿಕ್ಕಬಾಣಾವರ ದಾಟಿದ ಮೇಲೆ ಹಾಲಿನ ಕ್ಯಾನ್ ಕಟ್ಟಿಕೊಂಡ ಗಾಡಿಯೊಂದು ಪಕ್ಕದ ರಸ್ತೆಯಿಂದ ಬಂತು. ನನಗೆ ಕಂಡಿತು. ಬ್ರೇಕ್ ಹಿಡಿಯಬೇಕು ಅಂತ ಗೊತ್ತಾಯಿತು. ಬೆರಳು ಮಾತ್ರ ಲಿವರ್ ಸುತ್ತ ಮಡಚಲಿಲ್ಲ. ಬೇರೆ ಯಾರದ್ದೋ ಬೆರಳಿನ ಹಾಗಿತ್ತು. ಹಿಂದಿನ ಬ್ರೇಕನ್ನು ಕಾಲಲ್ಲಿ ಒತ್ತಿ ಜಾರಿಬಿದ್ದೆ, ಮೊಣಕೈ ತರಚಿತು. ಹಾಲಿನವರಿಗೆ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. 50ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ. ಬೆರಳು ಒಂದು ಸೆಕೆಂಡ್ ತಡ ಮಾಡಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ.

ಮೈ ತಣ್ಣಗಾದಾಗ ದೇಹ ಮೊದಲು ಎದೆ, ಹೊಟ್ಟೆಯ ಶಾಖ ಉಳಿಸಿಕೊಳ್ಳುತ್ತದೆ. ಅದಕ್ಕೆ ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹಾಗಾಗಿ ಎದೆ ಬೆಚ್ಚಗಿದ್ದರೆ ಬೆರಳಿಗೂ ರಕ್ತ ಬರುತ್ತದೆ. ಪೇಪರ್ ಎದೆಗೆ ಇಟ್ಟ ದಿನ ಕೈಯೂ ಕಡಿಮೆ ಮರಗಟ್ಟುವುದನ್ನು ನಾನೇ ಕಂಡಿದ್ದೇನೆ.

ಗ್ಲೌಸಿಗೂ ಊದುವ ಪರೀಕ್ಷೆ ಮಾಡಿ. ನನ್ನದು ಜೆ.ಸಿ. ರೋಡಿನಲ್ಲಿ ಕೊಂಡ ಚರ್ಮದ ಜೋಡಿ. ಒಂದು ಸೈಜ್ ದೊಡ್ಡದೇ ತಗೊಂಡೆ, ಒಳಗೆ ತೆಳುವಾದ ಹತ್ತಿ ಗ್ಲೌಸ್ ಹಾಕಿಕೊಳ್ಳಲಿಕ್ಕೆ. ಬಿಗಿಯಾದ ಗ್ಲೌಸ್ ಹಾಕಿದರೆ ರಕ್ತ ಓಡದೆ ಚಳಿ ಇನ್ನೂ ಜಾಸ್ತಿ ಆಗುತ್ತದೆ. ತೀರಾ ದಪ್ಪದ್ದು ಹಾಕಿದರೆ ಬ್ರೇಕ್ ಎಷ್ಟು ಹಿಡಿದೆವು ಅಂತ ತಿಳಿಯುವುದಿಲ್ಲ. ಅಂಗಡಿಯಲ್ಲೇ ಹಾಕಿಕೊಂಡು ನಾಣ್ಯ ಎತ್ತಿ ನೋಡಿ. ಎತ್ತಲು ಬಂದರೆ ಲಿವರೂ ಹಿಡಿಯಬಹುದು.

ಗ್ಲೌಸಿಗಿಂತ ನನಗೆ ಹೆಚ್ಚು ಉಪಕಾರ ಮಾಡಿದ್ದು 5 ಲೀಟರಿನ ಅಡುಗೆ ಎಣ್ಣೆ ಕ್ಯಾನ್. ಗಾಳಿ ಕೈಗೆ ಬಡಿಯುವ ಮೊದಲೇ ಅದನ್ನು ತಡೆಯುವ ಗುರಾಣಿ ಅದರಿಂದ ಮಾಡಿಕೊಂಡೆ. ಖಾಲಿ ಕ್ಯಾನಿಗೆ ಬಿಸಿನೀರು, ಸೋಪಿನ ಪುಡಿ ಹಾಕಿ ಜಿಡ್ಡು ಹೋಗುವ ತನಕ ಕುಲುಕಿ ತೊಳೆಯಿರಿ. ಒಣಗಿದ ಮೇಲೆ ಬಾಯಿ, ಹಿಡಿ ಇರುವ ಮೇಲ್ಭಾಗವನ್ನು ಆಕ್ಸಾ ಬ್ಲೇಡಿನಲ್ಲಿ ಕುಯ್ದು ತೆಗೆಯಿರಿ. ತಳವನ್ನೂ ತೆಗೆಯಿರಿ. ಉಳಿದ ಡಬ್ಬವನ್ನು ಎದುರುಬದುರು ಎರಡು ಮೂಲೆಯಲ್ಲಿ ಸೀಳಿದರೆ ಎರಡು ತುಂಡು ಸಿಗುತ್ತವೆ, ಎರಡಕ್ಕೂ ಒಂದೊಂದು ಮೂಲೆಯ ಬಾಗು ಇರುತ್ತದೆ. ಆ ಬಾಗು ಹೊರಗಡೆ, ಬೆರಳ ತುದಿಯ ಪಕ್ಕಕ್ಕೆ ಬರಬೇಕು. ಕುಯ್ದ ಅಂಚು ಚೂಪಾಗಿರುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಹಳೇ ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ಸಿಗಿಸಿ. ಕನ್ನಡಿಯ ಕಡ್ಡಿ ಹೋಗುವಷ್ಟು ತೂತು ಮಾಡಿ, ಕನ್ನಡಿ ನಟ್ಟಿನ ಕೆಳಗೆ ಕೂರಿಸಿ. ಇನ್ನೊಂದು ಕಡೆ ಕೇಬಲ್ ಟೈ ಹಾಕಿ ಬಿಗಿ ಮಾಡಿ.

ಇದಾದ ಮೇಲೆ ಐದು ನಿಮಿಷ ಕೊಟ್ಟು ಪರೀಕ್ಷೆ ಮಾಡಲೇಬೇಕು. ಬ್ರೇಕ್, ಕ್ಲಚ್ ಎರಡನ್ನೂ ಪೂರ್ತಿ ಹಿಡಿದು ಬಿಡಿ, ಪ್ಲಾಸ್ಟಿಕ್ಕಿಗೆ ತಾಗಬಾರದು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯ ತನಕ ತಿರುಗಿಸಿ. ಟ್ಯಾಂಕಿಗೆ ಬಡಿಯಬಾರದು, ಕೇಬಲ್ ಎಳೆಯಬಾರದು. ಆಕ್ಸಲರೇಟರ್ ತಿರುಗಿಸಿ ಬಿಟ್ಟರೆ ತಾನೇ ವಾಪಸ್ ಬರಬೇಕು. ಹೆಡ್‌ಲೈಟ್, ಇಂಡಿಕೇಟರ್ ಮರೆಯಾಗಬಾರದು. ಇಷ್ಟರಲ್ಲಿ ಒಂದು ತಪ್ಪಿದರೂ ಬಿಚ್ಚಿ ಮತ್ತೆ ಕೂರಿಸಿ.

ದಾರಿಯಲ್ಲಿ ಕೈ ಮರಗಟ್ಟಿತು ಅನ್ನಿ. ಸುಮ್ನೆ ಮುಂದೆ ಹೋಗಬೇಡಿ. ಗಾಡಿ ಬದಿಗೆ ನಿಲ್ಲಿಸಿ, ಕೈಗಳನ್ನು ಜರ್ಕಿನ್ ಒಳಗೆ ಕಂಕುಳಲ್ಲಿ ಇಟ್ಟುಕೊಳ್ಳಿ. ತೋಳನ್ನು ಗಿರಗಿರ ತಿರುಗಿಸಿದರೂ ರಕ್ತ ಬೆರಳ ತುದಿಗೆ ಓಡುತ್ತದೆ. ರಸ್ತೆ ಬದಿ ವಾಚ್‌ಮನ್‌ಗಳು ಬೆಂಕಿ ಹಾಕಿ ಕಾಯಿಸುತ್ತಿರುತ್ತಾರೆ, ಕೂಗಿ ಕರೆಯುತ್ತಾರೆ ಕೂಡ. ಹೋಗಿ, ಆದರೆ ದೂರದಿಂದ ಕಾಯಿಸಿ. ಮರಗಟ್ಟಿದ ಕೈಗೆ ಸುಟ್ಟರೂ ಗೊತ್ತಾಗುವುದಿಲ್ಲ. ಸೈಲೆನ್ಸರ್ ಮುಟ್ಟುವ ಹುಡುಗರನ್ನು ನೋಡಿದ್ದೇನೆ. ಅದಂತೂ ಬೇಡವೇ ಬೇಡ.

ಮಫ್ಲರ್ ಬಗ್ಗೆ ಒಂದು ಮಾತು. ಲೇತ್ ಮುಂದೆ ನಿಲ್ಲುವವರಿಗೆ ಮೊದಲ ದಿನವೇ ಹೇಳಿಕೊಡುವುದು, ಜೋತಾಡುವ ಬಟ್ಟೆ ಬೇಡ ಅಂತ. ಲೋಹದ ತುಂಡು ಹಿಡಿದು ತಿರುಗುವ ಚಕ್ಕಿಗೆ ಒಂದು ನೂಲು ಸಿಕ್ಕರೂ ಆಳನ್ನೇ ಎಳೆದುಕೊಳ್ಳುತ್ತದೆ. ಬೈಕಿನ ಚಕ್ರ, ಚೈನೂ ಹಾಗೇ. ಮಫ್ಲರನ್ನು ಕತ್ತಿಗೆ ಒಂದು ಸುತ್ತು ಹಾಕಿ, ಎರಡು ತುದಿಯನ್ನೂ ಎದೆ ಮೇಲೆ ಅಡ್ಡ ಮಾಡಿ, ಜಿಪ್ ಪೂರ್ತಿ ಎಳೆಯಿರಿ. ತುದಿ ಹೊರಗೆ ಕಾಣಬಾರದು.

ದಪ್ಪ ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಹಾಕಿದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಬಿದ್ದಾಗ ಕಾಪಾಡಬೇಕಾದದ್ದು ಹೆಲ್ಮೆಟ್, ಟೋಪಿಯಲ್ಲ. ತೆಳುವಾದ, ಕಣ್ಣು ಮಾತ್ರ ಬಿಡುವ ಬಟ್ಟೆ ಟೋಪಿ ಸಾಕು. ಹೆಲ್ಮೆಟ್ ಐಎಸ್‌ಐ ಗುರುತಿನದ್ದು, ಮುಖ ಪೂರ್ತಿ ಮುಚ್ಚುವುದು ಇರಲಿ. ಕಿವಿಗೆ ಹತ್ತಿ ಇಟ್ಟುಕೊಳ್ಳುವುದಾದರೆ ಸಡಿಲವಾಗಿ ಇಡಿ, ಲಾರಿ ಹಾರ್ನ್ ಕೇಳಿಸಬೇಕು. ಉಸಿರಿಗೆ ಗಾಜು ಮಂಜಾಗುತ್ತದೆ. ಹಿಂದಿನ ರಾತ್ರಿ ಗಾಜಿನ ಒಳಬದಿಗೆ ಒಣ ಸೋಪನ್ನು ತೆಳುವಾಗಿ ಸವರಿ, ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ತಿಳಿಯಾಗುವ ತನಕ ಒರೆಸಿ. ಸಿಗ್ನಲ್ಲಿನಲ್ಲಿ ಗಾಜನ್ನು ಒಂದು ಬೆರಳಷ್ಟು ತೆರೆದಿಡಿ. ಮಂಜಿದ್ದಾಗ ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಕಾಲಿಗೆ ಶೂ ಇರಲಿ, ಚಪ್ಪಲಿ ಬೇಡ. ಎರಡು ಸಾಕ್ಸ್ ಹಾಕಿ ಶೂ ಬಿಗಿಯಾದರೆ ಒಂದೇ ಸಾಕು.

ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಒಳಗೆ ಒಲೆ ಉರಿಯಬೇಕಾದರೆ ಸೌದೆ ಬೇಕು. ನಾನು ಒಂದು ಲೋಟ ಬಿಸಿ ರಾಗಿ ಗಂಜಿ ಕುಡಿದೇ ಹೊರಡುವುದು. ಅವರೆಕಾಯಿ ಕಾಲದಲ್ಲಿ ರಾತ್ರಿಯ ಸಾರು ಮಿಕ್ಕಿದ್ದರೆ ಅದನ್ನೂ ಬಿಸಿ ಮಾಡಿಕೊಂಡು ಎರಡು ತುತ್ತು ಮುದ್ದೆ. ಚಳಿಗೆ ಅಂತ ಒಂದು ಪೆಗ್ ಹಾಕಿ ಬರುವವರನ್ನು ನೋಡಿದ್ದೇನೆ. ಅದು ಚರ್ಮದ ನಾಳಗಳನ್ನು ಅಗಲ ಮಾಡುತ್ತದೆ. ಬಿಸಿಯಾದ ಹಾಗೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಕುಡಿದು ಗಾಡಿ ಓಡಿಸುವುದು ಜೀವಕ್ಕೇ ಕುತ್ತು, ಅದನ್ನು ಮತ್ತೆ ಹೇಳಬೇಕಾಗಿಲ್ಲ.

ಬೆಳಿಗ್ಗೆ ಸ್ಕೂಲಿಗೆ ಬಿಡುವ ಅಪ್ಪಂದಿರಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಮಗುವನ್ನು ಟ್ಯಾಂಕ್ ಮೇಲೆ ಕೂರಿಸಬೇಡಿ. ನಿಮಗೆ ಬಡಿಯಬೇಕಾದ ಗಾಳಿಯೆಲ್ಲ ಮೊದಲು ಅದರ ಎದೆಗೆ ಬಡಿಯುತ್ತದೆ. ನಿಮ್ಮ ಬೆನ್ನೇ ಅದಕ್ಕೆ ಗೋಡೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿಯುವಷ್ಟರಲ್ಲಿ ಮಗುವಿನ ಜರ್ಕಿನ್, ಗ್ಲೌಸ್, ಹೆಲ್ಮೆಟ್ ಎಲ್ಲ ಸಿದ್ಧವಾಗಿರಲಿ.

ನನ್ನದು ಹಳೇ ಗಾಡಿ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಇದೆ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಗ್ಲೌಸ್ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು, ಎಂಜಿನ್ ಸ್ಥಿರವಾದ ಮೇಲೆ ಚೋಕ್ ತಳ್ಳುತ್ತೇನೆ. ಶೆಡ್ ಬಾಗಿಲು ಮುಚ್ಚಿಕೊಂಡು ಒಳಗೇ ಎಂಜಿನ್ ಓಡಿಸಬೇಡಿ, ಹೊಗೆ ವಿಷ.

ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬಿಟ್ಟಾಗ ಬಿಸಿಲು ಸುಡುತ್ತಿರುತ್ತದೆ, ಬೆಂಗಳೂರಿನ ಚಳಿಗಾಲವೇ ಹಾಗೆ. ಬಿಚ್ಚಿದ್ದೆಲ್ಲ ಇಡಲು ಒಂದು ಚೀಲ ಬೇಕು. ಹ್ಯಾಂಡಲಿಗೆ ನೇತುಹಾಕದೆ ಹಿಂದಿನ ಸೀಟಿಗೆ ಕಟ್ಟಿ. ಮನೆಗೆ ಬಂದ ಮೇಲೆ ಗ್ಲೌಸನ್ನು ಒಳಗೆ ಹೊರಗೆ ಮಾಡಿ ನೆರಳಲ್ಲಿ ಒಣಗಹಾಕಿ. ನಾನು ಸಂಜೆಯೇ ಮರುದಿನದ ನಾಲ್ಕು ಹಾಳೆ ಪೇಪರ್ ಮಡಚಿ ಹೆಲ್ಮೆಟ್ಟಿನೊಳಗೆ ಇಟ್ಟುಬಿಡುತ್ತೇನೆ. ಕರೆಂಟ್ ಇಲ್ಲದಿದ್ದರೂ ಬೆಳಿಗ್ಗೆ ಕೈಗೆ ಸಿಗುತ್ತದೆ.