ಟ್ಯಾಂಕಿನ ಬಾಯಿಯಿಂದ ಬಾಟಲಿಯ ಕಡೆಗೆ

ಪೆಟ್ರೋಲ್ ಕಾರಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿದರೆ, ಬಾಯಿಯಿಂದ ಸ್ವಲ್ಪ ಕೆಳಗೆ ಒಂದು ಕಿರಿದಾದ ತೂತು, ಅದಕ್ಕೊಂದು ಸಣ್ಣ ಬಾಗಿಲು ಕಾಣುತ್ತದೆ. ಸ್ಪ್ರಿಂಗ್ ಅದನ್ನು ಸದಾ ಮುಚ್ಚಿಟ್ಟಿರುತ್ತದೆ. ಬಂಕಿನ ನಾಜಲ್ ತಳ್ಳಿದರೆ ತೆರೆಯುತ್ತದೆ, ನಾಜಲ್ ಹೊರಬಂದ ಕೂಡಲೇ ಟಪ್ಪೆಂದು ಮುಚ್ಚಿಕೊಳ್ಳುತ್ತದೆ. ಕಾರಿನ ಮಾಲೀಕರಲ್ಲಿ ಹೆಚ್ಚಿನವರು ಈ ಬಾಗಿಲನ್ನು ಒಮ್ಮೆಯೂ ಗಮನಿಸಿರುವುದಿಲ್ಲ. ನಾನು ಮಾತ್ರ ಒಂದು ವರ್ಷದ ಹೆಚ್ಚಿನ ಭಾಗವನ್ನು ಇದರ ಜೊತೆಯಲ್ಲೇ ಕಳೆದೆ.

ಪೀಣ್ಯದಲ್ಲಿ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಫಿನಾಯಿಲ್, ಶಾಂಪೂ, ಕೀಟನಾಶಕ, ಎಂಜಿನ್ ಆಯಿಲ್ ಎಲ್ಲದಕ್ಕೂ ಮಾಡಿದ್ದೇನೆ. ಇಂಧನಕ್ಕೆ ಬೆರೆಸುವ ದ್ರವ, ಅಂದರೆ ಪೆಟ್ರೋಲ್ ಎಂಜಿನ್‌ನ ಇಂಜೆಕ್ಟರ್ ಶುಚಿಗೊಳಿಸುವ ಮತ್ತು ಡೀಸೆಲ್‌ನ ಸೀಟೇನ್ (ಬೇಗ ಹೊತ್ತಿಕೊಳ್ಳುವ ಗುಣದ ಅಳತೆ) ಹೆಚ್ಚಿಸುವ ಅಡಿಟಿವ್‌ಗಳನ್ನು ತಯಾರಿಸುವ ಒಬ್ಬ ಸಣ್ಣ ಉದ್ಯಮಿ ನನ್ನ ಬಳಿ ಬಂದರು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕ ಮೇಲೆ ತಮ್ಮಲ್ಲಿಗೆ ವಿಚಾರಿಸಿಕೊಂಡು ಬರುವವರು ಹೆಚ್ಚಾಗಿದ್ದಾರೆ, ಅಂಗಡಿಯಲ್ಲಿ ಎದ್ದು ಕಾಣುವ ಬಾಟಲಿ ಬೇಕು ಎಂದರು. ಆಗ ಅವರು ಬಳಸುತ್ತಿದ್ದದ್ದು ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ, ಗಿಡ್ಡ ಕತ್ತಿನ ಬಿಳಿ ಬಾಟಲಿ.

"ಇದರಿಂದ ಟ್ಯಾಂಕಿಗೆ ಹೇಗೆ ಸುರಿಯುತ್ತೀರಿ, ಒಮ್ಮೆ ತೋರಿಸಿ ಸರ್" ಎಂದೆ. ಅವರು ನನ್ನ ಮೇಜಿನ ಮೇಲಿದ್ದ ದಿನಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ ಆಲಿಕೆ ಮಾಡಿದರು. ಕೆಳಗಿಳಿದು ನನ್ನ ಕಾರಿಗೇ ಸುರಿದರು. ಕಾಗದದ ಮೂತಿ ಆ ಬಾಗಿಲನ್ನು ತಳ್ಳಲಾರದೆ ಮಡಚಿಕೊಂಡಿತು. ಕೆಂಪು ಬಣ್ಣದ ದ್ರವ ಉಕ್ಕಿ, ಹಿಂದಿನ ಚಕ್ರದ ಮೇಲಿನ ಬಣ್ಣದ ಮೇಲೆ ಉದ್ದಕ್ಕೆ ಇಳಿಯಿತು. ಒರೆಸಿದರೂ ಮಂಕಾದ ಒಂದು ಗೆರೆ ಉಳಿಯಿತು. ಅಂಗಡಿಯಲ್ಲಿ ಎದ್ದು ಕಾಣುವ ವಿಷಯ ಆಮೇಲೆ ನೋಡೋಣ, ಮೊದಲು ಟ್ಯಾಂಕಿನ ಬಾಯಿಯನ್ನು ಅಳೆಯೋಣ ಎಂದು ಅವರಿಗೆ ಹೇಳಿದೆ.

ವರ್ನಿಯರ್ ಕ್ಯಾಲಿಪರ್ ಹಿಡಿದು ಗ್ಯಾರೇಜುಗಳನ್ನು ಸುತ್ತಿದೆ. ಈ ಕಿರಿದಾದ ತೂತಿಗೂ ಒಂದು ಚರಿತ್ರೆಯಿದೆ. ಅಮೆರಿಕದಲ್ಲಿ ಎಪ್ಪತ್ತರ ದಶಕದಲ್ಲಿ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಬಂದಾಗ ಸೀಸ ಬೆರೆತ ಪೆಟ್ರೋಲ್ ಅದನ್ನು ಕೆಡಿಸುತ್ತಿತ್ತು. ಸೀಸದ ಪೆಟ್ರೋಲ್‌ನ ದಪ್ಪ ನಾಜಲ್ ಒಳಗೆ ಹೋಗಲೇಬಾರದೆಂದು ಟ್ಯಾಂಕಿನ ಕುತ್ತಿಗೆಯನ್ನು ಕಿರಿದು ಮಾಡಿದರು. ಸೀಸರಹಿತ ಪೆಟ್ರೋಲ್‌ನ ನಾಜಲ್ ಹೊರ ಅಳತೆಯಲ್ಲಿ 21.3 ಮಿಲಿಮೀಟರ್ ಮೀರಬಾರದು ಎಂದಾಯಿತು. ನಮ್ಮಲ್ಲಿ 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತುಹೋಯಿತು. ಆದರೂ ಕಿರಿದಾದ ಕುತ್ತಿಗೆ ಉಳಿಯಿತು, ಡೀಸೆಲ್‌ನ ದಪ್ಪ ನಾಜಲ್ ತಪ್ಪಿ ಪೆಟ್ರೋಲ್ ಕಾರಿಗೆ ಬೀಳದಂತೆ ಅದು ಈಗಲೂ ಕಾಯುತ್ತಿದೆ. ಫೋರ್ಡ್ 2008ರ ಹೊತ್ತಿಗೆ ತಂದ ಮುಚ್ಚಳವಿಲ್ಲದ ಟ್ಯಾಂಕ್‌ಗಳಂತೂ ಇನ್ನೂ ಕಟ್ಟುನಿಟ್ಟು. ಅಲ್ಲಿ ಸರಿಯಾದ ದಪ್ಪದ ನಾಜಲ್ ಅಕ್ಕಪಕ್ಕದ ಚಿಲಕಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಸಣ್ಣ ಮೂತಿಗೆ ಅದು ಜಗ್ಗುವುದಿಲ್ಲ.

ಹೀಗಾಗಿ ಮೊದಲ ಬಾಟಲಿಗೆ ಉದ್ದ ಕತ್ತು ಕೊಟ್ಟೆ. ಹೊರ ಅಳತೆ 18 ಮಿ.ಮೀ., ಉದ್ದ 75 ಮಿ.ಮೀ., ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನ್ ಪ್ಲಾಸ್ಟಿಕ್, ಬ್ಲೋ ಮೋಲ್ಡಿಂಗ್. ಈ ವಿಧಾನದಲ್ಲಿ ಕರಗಿದ ಪ್ಲಾಸ್ಟಿಕ್ ಮೇಲಿನಿಂದ ಕೊಳವೆಯಾಗಿ ಇಳಿಯುತ್ತದೆ. ಅದಕ್ಕೆ ಪ್ಯಾರಿಸನ್ ಎನ್ನುತ್ತೇವೆ. ಮೋಲ್ಡ್‌ನ ಎರಡು ಅರ್ಧಗಳು ಅದನ್ನು ಕಚ್ಚಿ ಹಿಡಿದಾಗ ಒಳಗೆ ಗಾಳಿ ಊದುತ್ತಾರೆ. ನೋಡಲು ಚೆಂದ, ಖರ್ಚೂ ಕಡಿಮೆ. ಬಾಟಲಿ ಕೈಗೆ ಬಂದ ದಿನ ಸೀಮೆಎಣ್ಣೆ ತುಂಬಿ ಬಗ್ಗಿಸಿದೆ. ಬಾಗಿಲು ಸಲೀಸಾಗಿ ತೆರೆಯಿತು. ದ್ರವ ಮಾತ್ರ ಇಳಿಯಲಿಲ್ಲ. ಗುಳುಕ್ ಎಂದು ಒಂದಿಷ್ಟು ಬೀಳುವುದು, ನಿಲ್ಲುವುದು, ಮತ್ತೆ ಗುಳುಕ್. 200 ಮಿ.ಲೀ. ಖಾಲಿಯಾಗಲು ಹನ್ನೆರಡು ಸೆಕೆಂಡಿಗೂ ಹೆಚ್ಚು ಬೇಕಾಯಿತು. ಪ್ರತಿ ಗುಳುಕಿಗೂ ಬಾಟಲಿ ಕೈಯಲ್ಲಿ ಒದರಿ, ಮೂತಿ ಬಾಗಿಲಿನಿಂದ ಜಾರುತ್ತಿತ್ತು.

ಊರಿನ ಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಅಮ್ಮ ಯಾವಾಗಲೂ ಎರಡು ತೂತು ಹೊಡೆಯುತ್ತಿದ್ದರು. ಒಂದು ಎಣ್ಣೆಗೆ, ಎದುರು ಮೂಲೆಯದು ಗಾಳಿಗೆ. ಜಗಲಿಯ ಅಂಚಿನಲ್ಲಿ ಕಾಲು ತೊಳೆಯಲು ಇಟ್ಟಿರುತ್ತಿದ್ದ ಗಿಂಡಿಯೂ ಅಷ್ಟೇ. ನೀರು ಮೂತಿಯಿಂದ ಹೋಗುತ್ತದೆ, ಗಾಳಿ ಮೇಲಿನ ಅಗಲ ಬಾಯಿಯಿಂದ ಬರುತ್ತದೆ. ಅದಕ್ಕೇ ಗಿಂಡಿಯ ಧಾರೆ ಕಡಿಯುವುದಿಲ್ಲ. ನಾನು ಎರಡು ಕೆಲಸಕ್ಕೂ ಒಂದೇ ಓಣಿ ಕೊಟ್ಟಿದ್ದೆ. ಹೊರಹೋಗುವ ದ್ರವವೂ ಒಳಬರುವ ಗಾಳಿಯೂ ಅದೇ ಕಿರಿದಾದ ಕತ್ತಿನಲ್ಲಿ ಸರದಿ ಪ್ರಕಾರ ಹಾಯಬೇಕಿತ್ತು. ಆ ಸರದಿ ಬದಲಾಗುವ ಸದ್ದೇ ಗುಳುಕ್.

ಕತ್ತಿನೊಳಗೆ 5 ಮಿ.ಮೀ.ನ ಒಂದು ನಳಿಕೆ ಕೂರಿಸಿ ಗಾಳಿಗೆ ಬೇರೆ ದಾರಿ ಮಾಡಿದೆ. ಆಗಲೂ ಗುಳುಕ್ ನಿಲ್ಲಲಿಲ್ಲ! ನಳಿಕೆಯಿಂದಲೂ ಸೀಮೆಎಣ್ಣೆಯೇ ಸುರಿಯಿತು. ಅಂದು ರಾತ್ರಿ ಕಾಗದದ ಮೇಲೆ ಚಿತ್ರ ಬರೆದಾಗ ಕಾರಣ ಹೊಳೆಯಿತು. ನಳಿಕೆಯಲ್ಲಿ ಗಾಳಿ ಒಳಗೆ ಹೋಗಬೇಕಾದರೆ ಅದರ ಒಳತುದಿಯಲ್ಲಿ ದ್ರವದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ ಇರಬೇಕು. ಬಾಟಲಿ ತಲೆಕೆಳಗಾದಾಗ, ದ್ರವ ಹೊರಬೀಳುವ ಬಾಯಿಗಿಂತ ನಳಿಕೆಯ ಒಳತುದಿ ಎಷ್ಟು ಎತ್ತರದಲ್ಲಿದೆಯೋ ಅಷ್ಟರಮಟ್ಟಿಗೆ ಆ ಒತ್ತಡ ತಗ್ಗುತ್ತದೆ. ನನ್ನ ನಳಿಕೆ ಕತ್ತಿನ ತುದಿಯಲ್ಲಿ ಬೆರಳಿನ ಅಗಲದಷ್ಟೇ ಉದ್ದವಿತ್ತು, ಎತ್ತರದ ವ್ಯತ್ಯಾಸ ಏನೇನೂ ಸಾಲದು. ಅದನ್ನು ಕತ್ತಿನ ಉದ್ದಕ್ಕೂ ಎಳೆದು, ಬಾಟಲಿಯ ಹೊಟ್ಟೆಯೊಳಗೆ ಇನ್ನೂ 40 ಮಿ.ಮೀ. ಚಾಚುವಂತೆ ಮಾಡಿದೆ. ಮರುದಿನ ಬಗ್ಗಿಸಿದಾಗ ಧಾರೆ ದಾರದಂತೆ ಇಳಿಯಿತು. ನಾಲ್ಕು ಸೆಕೆಂಡಿನಲ್ಲಿ ಬಾಟಲಿ ಖಾಲಿ, ಸದ್ದೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ಟೂಲ್ ರೂಮಿನ ಹಿರಿಯರು "ಇನ್ನೊಮ್ಮೆ ಮಾಡಿ ಸರ್" ಎಂದು ಮೂರು ಸಲ ಮಾಡಿಸಿದರು.

ಇದರಿಂದ ನಾನು ಎಣಿಸಿರದ ಇನ್ನೊಂದು ಲಾಭವೂ ಆಯಿತು. ಟ್ಯಾಂಕ್ ತುಂಬಿ ಕುತ್ತಿಗೆಯವರೆಗೆ ಪೆಟ್ರೋಲ್ ಬಂದಿದ್ದರೆ ಅದು ನಳಿಕೆಯ ಹೊರತುದಿಯನ್ನು ಮುಚ್ಚುತ್ತದೆ. ಗಾಳಿ ನಿಂತರೆ ಧಾರೆಯೂ ನಿಲ್ಲುತ್ತದೆ, ಉಕ್ಕುವುದಿಲ್ಲ.

ಇಷ್ಟಾದರೂ ಆ ಬಾಟಲಿ ಮಾರುಕಟ್ಟೆಗೆ ಹೋಗಲಿಲ್ಲ, ಹೋಗಲು ನಾನೇ ಬಿಡಲಿಲ್ಲ. ನಿಜವಾದ ಅಡಿಟಿವ್ ತುಂಬಿ 50 ಡಿಗ್ರಿ ಶಾಖದ ಓವನ್‌ನಲ್ಲಿ ಒಂದು ತಿಂಗಳು ಇಟ್ಟಿದ್ದೆ. ಹೊರತೆಗೆದಾಗ ಬಾಟಲಿಗಳ ಪಕ್ಕೆಗಳು ಹಸಿದವರ ಕೆನ್ನೆಯಂತೆ ಒಳಗೆ ಸೆಳೆದುಕೊಂಡಿದ್ದವು. ಲೇಬಲ್ ಸುಕ್ಕುಗಟ್ಟಿತ್ತು, ಪೆಟ್ಟಿಗೆಯಿಡೀ ನಾರುತ್ತಿತ್ತು. ಎಚ್‌ಡಿಪಿಇ ನೀರಿಗೆ ಗಟ್ಟಿ, ಆದರೆ ಸೀಮೆಎಣ್ಣೆಯ ಜಾತಿಯ ದ್ರಾವಕಗಳು ಅದರ ಗೋಡೆಯೊಳಗೆ ಸೇರಿಕೊಂಡು ನಿಧಾನವಾಗಿ ಹೊರಗೆ ಆರಿಹೋಗುತ್ತವೆ. ಅಡಿಟಿವ್‌ನಲ್ಲಿ ಬಹುಪಾಲು ಅಂಥ ದ್ರಾವಕವೇ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಒಳಗೋಡೆಗೆ ಫ್ಲೋರಿನ್ ಹಾಯಿಸಬಹುದು, ಅಥವಾ ನಡುವೆ ದ್ರಾವಕವನ್ನು ತಡೆಯುವ ಇವಿಒಎಚ್ ಎಂಬ ಪ್ಲಾಸ್ಟಿಕ್ ಇಲ್ಲವೇ ನೈಲಾನ್ ಪದರ ಕೊಟ್ಟು ಹಲವು ಪದರಗಳ ಬಾಟಲಿ ಮಾಡಬಹುದು. ದೊಡ್ಡ ಕಂಪನಿಗಳಿಗೆ ಅದು ಸರಿ. ನಮ್ಮ ಉದ್ಯಮಿ ತೆಗೆದುಕೊಳ್ಳುವ ಸಂಖ್ಯೆಗೆ ಆ ಖರ್ಚು ಹೊಂದುತ್ತಿರಲಿಲ್ಲ.

ಉಳಿದದ್ದು ಪಿಇಟಿ, ನೀರಿನ ಬಾಟಲಿಯ ಪ್ಲಾಸ್ಟಿಕ್. ಹೈಡ್ರೋಕಾರ್ಬನ್‌ಗಳನ್ನು ಅದು ಎಚ್‌ಡಿಪಿಇಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಶುಚಿಗೊಳಿಸುವ ಹಲವು ಅಡಿಟಿವ್‌ಗಳಲ್ಲಿ ಪಾಲಿಈಥರ್ ಅಮೈನ್ ಇರುತ್ತದೆ. ಅಮೈನ್ ಎಂದ ಕೂಡಲೇ ಪಿಇಟಿಯ ಬಗ್ಗೆ ಎಚ್ಚರ ಬೇಕು, ಅದರ ಸರಪಳಿಯನ್ನು ಅಮೈನ್‌ಗಳು ಕತ್ತರಿಸಬಲ್ಲವು. ಹಾಗಾಗಿ ಈ ಸಲ ಮೂರು ತಿಂಗಳು ಓವನ್‌ನಲ್ಲಿಟ್ಟೆ, ತೂಕ ನೋಡಿದೆ, ಎದೆಯ ಎತ್ತರದಿಂದ ಕಾಂಕ್ರೀಟಿನ ಮೇಲೆ ಕೆಡವಿದೆ. ಈ ದ್ರವಕ್ಕೆ ಅದು ತಡೆದುಕೊಂಡಿತು. ಇನ್ನೊಂದು ದ್ರವಕ್ಕೂ ತಡೆಯುತ್ತದೆಂದು ಯಾರಾದರೂ ಪರೀಕ್ಷೆಯಿಲ್ಲದೆ ಹೇಳಿದರೆ ನಂಬಬೇಡಿ.

ಪಿಇಟಿಯನ್ನು ಒಪ್ಪಿಕೊಂಡಾಗ ಬಾಟಲಿಯನ್ನೂ ಮೂತಿಯನ್ನೂ ಬೇರೆ ಮಾಡಲೇಬೇಕಾಯಿತು, ಆ ಉದ್ದ ಕತ್ತು ನಮಗೆ ಸಿಗುವ ಪ್ರೀಫಾರ್ಮ್‌ಗಳಲ್ಲಿ (ಊದಿ ಬಾಟಲಿ ಮಾಡುವ ಸಿದ್ಧ ಕೊಳವೆಗಳಲ್ಲಿ) ಬರುವುದಿಲ್ಲ. ಮೊದಲು ಬೇಸರವಾಯಿತು. ಆಮೇಲೆ ನೋಡಿದರೆ ನನ್ನ ಎಲ್ಲಾ ಗಂಟುಗಳೂ ಅದರಿಂದಲೇ ಬಿಚ್ಚಿಕೊಂಡವು. ಬಾಟಲಿಯ ಬಾಯಿಗೆ ಅಲ್ಯೂಮಿನಿಯಂ ಹಾಳೆಯ ಸೀಲ್, ಅದರ ಮೇಲೆ ಮುಚ್ಚಳ. ಮೂತಿ ಪ್ರತ್ಯೇಕ, ಸೀಲ್ ಕಿತ್ತ ಮೇಲೆ ತಿರುಗಿಸಿ ಕೂರಿಸುವಂಥದ್ದು. ದ್ರವ ಅದನ್ನು ತಾಗುವುದು ಸುರಿಯುವ ನಾಲ್ಕು ಸೆಕೆಂಡು ಮಾತ್ರ, ಆದ್ದರಿಂದ ಅಗ್ಗದ ಪ್ಲಾಸ್ಟಿಕ್ ಸಾಕು. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡಿಂಗ್ ಆದ್ದರಿಂದ ಗಾಳಿಯ ನಳಿಕೆ ಅದೇ ತುಂಡಿನ ಭಾಗವಾಯಿತು, ಅಳತೆಯೂ ಕರಾರುವಾಕ್ಕಾಯಿತು. ಪೆಟ್ರೋಲ್‌ಗೆ ಒಂದು ಮೂತಿ: ಹೊರ ಅಳತೆ 20.8 ಮಿ.ಮೀ., ಮೈಮೇಲೆ ಉದ್ದಕ್ಕೆ ಸಣ್ಣ ತೋಡುಗಳು. ಮುಚ್ಚಳವಿಲ್ಲದ ಟ್ಯಾಂಕಿನ ಚಿಲಕಗಳನ್ನು ಅದು ಒತ್ತುತ್ತದೆ, ಟ್ಯಾಂಕಿನ ಗಾಳಿ ತೋಡುಗಳ ಮೂಲಕ ಹೊರಬರುತ್ತದೆ. ಡೀಸೆಲ್‌ಗೆ ಇನ್ನೊಂದು, ದಪ್ಪನೆಯದು, ಬೇರೆ ಬಣ್ಣದ್ದು. ಅದು ಪೆಟ್ರೋಲ್ ಕಾರಿನ ಕಿರಿದಾದ ತೂತಿಗೆ ಹೋಗುವುದೇ ಇಲ್ಲ. ಡೀಸೆಲ್‌ನ ಅಡಿಟಿವ್ ಪೆಟ್ರೋಲ್‌ಗೆ ಬೀಳದಂತೆ ಬಂಕಿನ ನಾಜಲ್ ಮಾಡುವ ಕಾವಲನ್ನೇ ನಮ್ಮ ಮೂತಿಯೂ ಮಾಡಿತು.

ಗಾಳಿಯ ನಳಿಕೆ ಮೇಲ್ಬದಿಗೆ ಇದ್ದರೆ ಧಾರೆ ಬೇಗ ಶುರುವಾಗುತ್ತದೆ. ಬಾಣದ ಗುರುತು ಹಾಕಿ ನೋಡಿದೆ, ಯಾರೂ ನೋಡಲಿಲ್ಲ. ಕೊನೆಗೆ ಆ ಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಚಪ್ಪಟೆ ರೆಕ್ಕೆ ಕೊಟ್ಟೆ. ಗ್ಯಾರೇಜಿನ ಹುಡುಗರ ಕೈಗೆ ಏನೂ ಹೇಳದೆ ಕೊಟ್ಟರೆ, ಎಲ್ಲರ ಹೆಬ್ಬೆರಳೂ ತಾನಾಗಿ ಅಲ್ಲಿಗೇ ಹೋಯಿತು. ಕೊನೆಯ ಹನಿ ಮೂತಿಯ ಹೊರಮೈಗೆ ಅಂಟಿ ಹಿಂದಕ್ಕೆ ಹರಿಯುವ ಕಾಟವೂ ಇತ್ತು. ತುಟಿಯನ್ನು ದುಂಡಗೆ ಬಿಡದೆ ಚೂಪು ಮಾಡಿ, ಅದರ ಹಿಂದೆ ಒಂದು ಸಣ್ಣ ಕೊರಕಲು ಕೊಟ್ಟ ಮೇಲೆ ಹನಿ ಕಡಿದು ಬೀಳತೊಡಗಿತು. ಮಗುವಿಗೆ ಹಾಲು ಕುಡಿಸುವ ಒಳಲೆಯ ಮೂತಿಯನ್ನು ಎದುರಿಗಿಟ್ಟುಕೊಂಡೇ ಅದನ್ನು ಬರೆದೆ. ಬೈಕಿನವರಿಗಾಗಿ ಬಾಟಲಿಯ ಪಕ್ಕೆಯಲ್ಲಿ ಲೇಬಲ್ ಇಲ್ಲದ ಪಟ್ಟಿ ಬಿಟ್ಟು ಅಳತೆಯ ಗೆರೆ ಹಾಕಿದೆವು. ಹತ್ತು ಲೀಟರ್ ಹಿಡಿಯದ ಟ್ಯಾಂಕಿಗೆ ಕಾರಿನ ಇಡೀ ಬಾಟಲಿ ಸುರಿಯುವ ಹಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಟ ಹಿಡಿದದ್ದು ಬಣ್ಣದ ವಿಷಯಕ್ಕೆ. ಉದ್ಯಮಿಗೆ ಪಾರದರ್ಶಕ ಬಾಟಲಿ ಬೇಕಿತ್ತು, ದ್ರವದ ಕೆಂಪು ಬಣ್ಣ ಹೊಳೆಯಲಿ ಎಂದು. ಮಾದರಿಯನ್ನು ಮೇಜಿನ ಮೇಲೆ ಇಟ್ಟು ನೋಡಿದರೆ ಅದು ತಂಪು ಪಾನೀಯದ ಬಾಟಲಿಯೇ. ಅದೇ 28 ಮಿ.ಮೀ. ಬಾಯಿ, ಅದೇ ಪಿಇಟಿ, ಅದೇ ಬಣ್ಣ. ಶರಬತ್ತಿನ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆಯನ್ನು ಕುಡಿದ ಮಗುವನ್ನು ಎತ್ತಿಕೊಂಡು ಓಡಿದ್ದನ್ನು ನಮ್ಮ ಊರಿನಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಇಂಥ ದ್ರವ ಶ್ವಾಸಕೋಶಕ್ಕೆ ಇಳಿಯುವುದೇ ದೊಡ್ಡ ಅಪಾಯ. ಅದಕ್ಕೇ ವಾಂತಿ ಮಾಡಿಸಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ಪಾರದರ್ಶಕ ಬಾಟಲಿಗೆ ನನ್ನ ಡ್ರಾಯಿಂಗ್ ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಎರಡು ವಾರ ಫೋನ್ ಬರಲಿಲ್ಲ. ಆಮೇಲೆ ಅವರೇ ಬಂದು, "ನನಗೂ ಮೊಮ್ಮಕ್ಕಳಿದ್ದಾರೆ" ಎಂದರು. ಬೆಳಕಿಗೆ ಹಿಡಿದರೆ ಮಟ್ಟ ಕಾಣುವ, ಆದರೆ ಕುಡಿಯುವ ಆಸೆ ಹುಟ್ಟಿಸದ ಹೊಗೆಗಪ್ಪು ಬಣ್ಣ, ಚೌಕ ಭುಜ, ಸೋಡಾ ಮುಚ್ಚಳಕ್ಕೆ ಹೊಂದದ ಬೇರೆ ಥ್ರೆಡ್, ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ. ಇಷ್ಟನ್ನೂ ಒಪ್ಪಿದರು. ಬಾಟಲಿಗೆ ಬಿದ್ದ ಹೆಚ್ಚುವರಿ ಖರ್ಚಿನಲ್ಲಿ ದೊಡ್ಡ ಪಾಲು ಆ ಮುಚ್ಚಳದ್ದೇ, ನನ್ನ ಮಟ್ಟಿಗೆ ಅದರಲ್ಲಿ ಒಂದು ಪೈಸೆಯೂ ದಂಡವಲ್ಲ.

ಗ್ರೀಸ್ ಹತ್ತಿದ ಕೈಯಲ್ಲಿ ಜಾರುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳಿದ ಮೇಲೆ ಸೊಂಟದ ಭಾಗಕ್ಕೆ ಅಡ್ಡ ಏಣುಗಳು ಬಂದವು. ಅಲ್ಲಿಗೆ ಮೋಲ್ಡ್ ಅಂತಿಮವಾಯಿತು.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಮೊನ್ನೆ ನಮ್ಮ ಬಾಟಲಿ ಕಂಡು ಒಂದನ್ನು ಕೊಂಡೆ. ಕತ್ತಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದ ಮೂತಿ ಇರಲಿಲ್ಲ. ಸಾಗಣೆಯಲ್ಲಿ ಉದುರಿರಬೇಕು. ಕೇಳಿದಾಗ ಅಂಗಡಿಯವರು ಒಂದು ಕಾಗದ ಕೊಟ್ಟು, "ಸುತ್ತಿಕೊಂಡು ಹಾಕಿ ಸರ್, ಆಗುತ್ತದೆ" ಎಂದರು. ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನೇರ ಪೀಣ್ಯಕ್ಕೆ ಬಂದೆ. ಈಗ ಬಾಟಲಿಯ ತಳದಲ್ಲಿ ಮೂತಿ ತಲೆಕೆಳಗಾಗಿ ಕಚ್ಚಿಕೊಂಡು ಕೂರುವಂಥ ಗುಂಡಿಯೊಂದನ್ನು ಬರೆಯುತ್ತಿದ್ದೇನೆ. ಮೋಲ್ಡ್‌ನಲ್ಲಿ ತಳದ ತುಂಡನ್ನಷ್ಟೇ ಬದಲಿಸಿದರೆ ಸಾಕು. ಗುಂಡಿಯ ಆಳದಿಂದ ಕಡಿಮೆಯಾಗುವ 18 ಮಿ.ಲೀ.ಗಾಗಿ ಭುಜವನ್ನು ಎಲ್ಲಿ ಎತ್ತುವುದು ಎಂಬ ಲೆಕ್ಕ ನಡೆದಿದೆ.